ಆನಂದಪುರಕ್ಕೆ ಹಿತ್ತಿಲ ಬಾಗಿಲು

ಕಾದಂಬರಿ ಬಂದರೆ ವಿಮರ್ಶೆ ಬರೆಯುವವರಿದ್ದಾರೆ. ನಾಟಕ ಆಡಿದರೆ ಪತ್ರಿಕೆಯಲ್ಲಿ ನಾಲ್ಕು ಸಾಲಾದರೂ ಬರುತ್ತದೆ. ಸಿನಿಮಾದ ಮಾತಂತೂ ಬಿಡಿ, ಬೀದಿಗೊಬ್ಬ ವಿಮರ್ಶಕ. ಆದರೆ ಒಂದು ಮನೆಯವರೆಲ್ಲ ವರ್ಷಗಟ್ಟಲೆ ಹಣ ಕೂಡಿಟ್ಟು, ಒಂದು ದಿನಕ್ಕೂ ಮಿಕ್ಕಿ ಪ್ರಯಾಣ ಮಾಡಿ, ಭೂಮಿಯ ಆಚೆ ಮಗ್ಗುಲಿಗೆ ಹೋಗಿ ನೋಡಿ ಬರುವ ಡಿಸ್ನಿ ವರ್ಲ್ಡ್‌ನಂಥ ಜಾಗವನ್ನು ನಮ್ಮಲ್ಲಿ ಯಾರೂ ವಿಮರ್ಶಿಸಲು ಹೋಗುವುದಿಲ್ಲ. ಹೋಗಿ ಬಂದವರನ್ನು ಕೇಳಿದರೆ 'ಚೆನ್ನಾಗಿತ್ತು, ಕಾಲು ಮಾತ್ರ ಬಿದ್ದುಹೋಯಿತು' ಎನ್ನುತ್ತಾರೆ, ಫೋಟೋ ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಅದೂ ಯಾರೋ ಕೂತು ಯೋಚಿಸಿ ಕಟ್ಟಿದ ಕೃತಿಯೇ ತಾನೆ? ಅದಕ್ಕೂ ಕಥೆಯಿದೆ, ರಂಗಸಜ್ಜಿಕೆಯಿದೆ, ಸಂಸಾರ ಎಂದರೆ ಹೀಗಿರಬೇಕು ಎಂಬ ಒಂದು ನಂಬಿಕೆಯಿದೆ. ಮನೆ ನಡೆಸುವ ಹೆಂಗಸಿನ ಕಣ್ಣಿನಿಂದ ಅದನ್ನು ಓದಿದರೆ ಏನು ಕಂಡೀತು?

ಮೊದಲು ಮೂಲಕಥೆ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಶನಿವಾರಗಳಂದು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ತಿರುಗುವ ಕುದುರೆಯ ಮೇಲೆ ಕೂತು ಸುತ್ತುತ್ತಿದ್ದರು. ಅಪ್ಪ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗ ಏಕಿರಬಾರದು ಎಂದು ಅವನಿಗೆ ಹೊಳೆದದ್ದು ಅಲ್ಲಿ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಅವನು 1966ರಲ್ಲಿ ತೀರಿಕೊಂಡ ಮೇಲೆ, 1971ರ ಅಕ್ಟೋಬರ್ 1ರಂದು, ಫ್ಲಾರಿಡಾದ ಆರ್ಲಾಂಡೊ ಬಳಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಡಿಸ್ನಿ ವರ್ಲ್ಡ್ ಶುರುವಾಯಿತು.

ಈ ಬೆಂಚಿನ ಕಥೆ ಚೆನ್ನಾಗಿದೆ. ಆದರೆ ಗಮನಿಸಿ, ಅದು ಶನಿವಾರದ ಕಥೆ. ವಾರಕ್ಕೊಂದು ದಿನ ಅಪ್ಪನ ಪಾಲಿಗೆ ಬಂದ ಮಕ್ಕಳ ಕಥೆ. ಉಳಿದ ಆರು ದಿನ ಆ ಮಕ್ಕಳಿಗೆ ಊಟ ಹಾಕಿದವರು, ಜಡೆ ಹೆಣೆದವರು, ಆ ಶನಿವಾರವೂ ಮೈ ತೊಳೆಸಿ ಬಟ್ಟೆ ಹಾಕಿ ಕಳಿಸಿದವರು ಈ ಕಥೆಯೊಳಗೆ ಬರುವುದೇ ಇಲ್ಲ. ಇಡೀ ಲೋಕವನ್ನೇ ಕಟ್ಟಲು ಹೊರಟವನ ಮೊದಲ ಚಿತ್ರದಲ್ಲೇ ಬಿಟ್ಟುಹೋದವರು, ಮುಂದೆ ಆ ಲೋಕದಲ್ಲಿ ಎಲ್ಲಿರುತ್ತಾರೆ?

ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಇನ್ನೂರು ಪುಟದ ಒಂದು ನೋಟ್ ಪುಸ್ತಕದ ಹಿಂದೆ ಇದ್ದರು. 2025ರ ಬೇಸಿಗೆ ರಜೆಯಲ್ಲಿ ಹೊರಟವರು ಆರು ಜನ: ನಾನು, ನಮ್ಮವರು, ಮಗ, ಸೊಸೆ, ಹತ್ತು ತುಂಬಿದ ಮೊಮ್ಮಗ, ಐದರ ಮೊಮ್ಮಗಳು. 'ಹೋಗೋಣ' ಎಂದವನು ಮಗ. ಆ ಒಂದು ಮಾತು ಆಡಿ ಅವನು ಆಫೀಸಿಗೆ ಹೋದ. ಅಂದಿನಿಂದ ಎಂಟು ತಿಂಗಳು ಸೊಸೆಯ ಕೈಯಲ್ಲಿ ಆ ಪುಸ್ತಕ.

ಅದರಲ್ಲಿ ಏನಿತ್ತು ಎಂದು ಹೇಳದಿದ್ದರೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ಆರು ಜನರ ವೀಸಾ ಅರ್ಜಿ, ಸಂದರ್ಶನದ ದಿನ. ಮಾವನವರ ಬಿ.ಪಿ. ಮಾತ್ರೆಗೆ ಡಾಕ್ಟರ ಚೀಟಿ. ಟಿಕೆಟ್ಟಿನ ಲೆಕ್ಕ: ಅಲ್ಲಿ ಮೂರು ವರ್ಷದೊಳಗಿನ ಕೂಸಿಗೆ ಟಿಕೆಟ್ಟಿಲ್ಲ, ಮೂರರಿಂದ ಒಂಬತ್ತರವರೆಗೆ ಮಕ್ಕಳ ಟಿಕೆಟ್ಟು, ಹತ್ತು ತುಂಬಿತೆಂದರೆ ದೊಡ್ಡವರು. ನಮ್ಮ ಹುಡುಗ ಎರಡು ತಿಂಗಳ ಅಂತರದಲ್ಲಿ ದೊಡ್ಡವನಾಗಿಬಿಟ್ಟಿದ್ದ. ಆಮೇಲೆ ಎತ್ತರದ ಲೆಕ್ಕ. ಸ್ಪೇಸ್ ಮೌಂಟನ್ ಎಂಬ ಆಟಕ್ಕೆ 44 ಇಂಚು ಬೇಕು. ಹೊಲಿಗೆ ಪೆಟ್ಟಿಗೆಯ ಟೇಪು ತಂದು ಬಾಗಿಲಿಗೆ ನಿಲ್ಲಿಸಿ ಅಳೆದರೆ ಮೊಮ್ಮಗಳು ಎರಡು ಇಂಚು ಕಡಿಮೆ. ಯಾವುದಕ್ಕೆ ಅವಳು ಹೋಗಬಹುದು, ಯಾವುದಕ್ಕೆ ಅಳುತ್ತಾಳೆ, ಅತ್ತಾಗ ಏನು ತೋರಿಸಿ ಸಮಾಧಾನ ಮಾಡುವುದು, ಅದಕ್ಕೇ ಒಂದು ಪುಟ.

ಗಡಿಯಾರದ ಕಷ್ಟ ಬೇರೆ. ಆ ತಿಂಗಳುಗಳಲ್ಲಿ ಆರ್ಲಾಂಡೊ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಒಳಗಿನ ಹೋಟೆಲುಗಳಲ್ಲಿ ಊಟದ ಮೇಜನ್ನು 60 ದಿನ ಮೊದಲು, ಅಲ್ಲಿಯ ಬೆಳಗಿನ ಜಾವದಲ್ಲಿ ಕಾದಿರಿಸಬೇಕು. ನಮಗದು ಮಧ್ಯಾಹ್ನ ಮೂರೂವರೆ, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತು. ಆಟಗಳ ಸಾಲಿನಲ್ಲಿ ಬೇಗ ಒಳಹೋಗುವ ಸಮಯವನ್ನು, ಅವರದೇ ಹೋಟೆಲಿನಲ್ಲಿ ಇಳಿಯುವವರು ಏಳು ದಿನ ಮೊದಲು, ಹೊರಗಿನವರು ಮೂರು ದಿನ ಮೊದಲು, ಅಲ್ಲಿಯ ಏಳು ಗಂಟೆಗೆ ಹಿಡಿಯಬೇಕು. ನಮಗೆ ಸಂಜೆ ನಾಲ್ಕೂವರೆ. ಒಲೆಯ ಮೇಲೆ ಹಾಲು, ಕೈಯಲ್ಲಿ ಫೋನು.

ಇದಕ್ಕಾಗಿಯೇ ಒಂದು ಸಾಹಿತ್ಯ ಪ್ರಕಾರ ಹುಟ್ಟಿದೆ ಎಂಬುದು ನನಗೆ ಆಗ ತಿಳಿಯಿತು. 'ಅನಫಿಷಿಯಲ್ ಗೈಡ್' ಎಂಬ ಪ್ರಸಿದ್ಧ ಕೈಪಿಡಿ 1980ರ ದಶಕದಿಂದ ಬರುತ್ತಿದೆ. ಏಳುನೂರು ಪುಟಕ್ಕೂ ಮಿಕ್ಕಿದ ಗ್ರಂಥ. ಬೆಳಿಗ್ಗೆ ಯಾವ ಆಟದಿಂದ ಹೊರಟು ಯಾವುದಕ್ಕೆ ಹೋಗಬೇಕು ಎಂಬುದನ್ನು ಅಡುಗೆ ಪುಸ್ತಕದಂತೆ ಒಂದು, ಎರಡು, ಮೂರು ಎಂದು ಹೇಳುತ್ತದೆ. ಯಾವ ಆಟಕ್ಕೆ ಸಣ್ಣ ಮಕ್ಕಳು ಎಷ್ಟು ಹೆದರಬಹುದು ಎಂಬ ಪಟ್ಟಿಯೂ ಇದೆ. ಬರೆದವರ ಶ್ರದ್ಧೆ ದೊಡ್ಡದು. ಆದರೆ ಓದುತ್ತ ಹೋದಂತೆ, ಇದು ವಿಹಾರದ ಪುಸ್ತಕವೋ ಪರೀಕ್ಷೆಯ ಗೈಡೋ ಎಂಬ ಅನುಮಾನ ಬಂತು. ಸಂತೋಷಪಡಲು ಇಷ್ಟೊಂದು ಓದಬೇಕೆ?

ಓದಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. 1971ರಲ್ಲಿ ಒಳಗೆ ಹೋಗಲು ಮೂರೂವರೆ ಡಾಲರು, ಆಟಗಳಿಗೆ ಬೇರೆ ಚೀಟಿ. 2022ರ ಡಿಸೆಂಬರ್ ಹೊತ್ತಿಗೆ ಜನಸಂದಣಿಯ ದಿನಗಳಲ್ಲಿ ಒಬ್ಬರ ಒಂದು ದಿನದ ಟಿಕೆಟ್ಟು 189 ಡಾಲರು ಮುಟ್ಟಿತು. ಸಾಲಿನ ಕಥೆಯೂ ಹಾಗೆಯೇ. ಕಾಯುವುದನ್ನು ತಪ್ಪಿಸುವ ಚೀಟಿಯನ್ನು 1999ರಿಂದ ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತಿದ್ದರು. 2020ರಲ್ಲಿ ಅದು ನಿಂತಿತು. 2021ರ ಅಕ್ಟೋಬರಿನಿಂದ ಅದಕ್ಕೇ ಬೆಲೆ ಕಟ್ಟಿದರು. ದುಡ್ಡು ಕೊಟ್ಟರೂ ಸಾಲದು, ಸರಿಯಾದ ಗಳಿಗೆಗೆ ಎಚ್ಚರವಿರಬೇಕು. ಅಂದರೆ ಟಿಕೆಟ್ಟಿನ ಮೇಲೆ ಅಚ್ಚಾಗದ ಇನ್ನೊಂದು ಬೆಲೆಯಿದೆ; ಅದನ್ನು ಮನೆಯಲ್ಲಿ ಯಾರಾದರೊಬ್ಬರು ತಮ್ಮ ನಿದ್ದೆಯಿಂದ, ತಮ್ಮ ಮಧ್ಯಾಹ್ನಗಳಿಂದ ಕಟ್ಟುತ್ತಾರೆ.

ಇನ್ನು ಒಳಗೆ ಹೋಗೋಣ. ಅಲ್ಲಿಯ ಕಲೆಗಾರಿಕೆಯನ್ನು ಹೊಗಳದೆ ಇರಲಾರೆ. ಮ್ಯಾಜಿಕ್ ಕಿಂಗ್‌ಡಮ್ ಎಂಬ ಮುಖ್ಯ ಪಾರ್ಕಿನ ಪೇಟೆಬೀದಿಯಲ್ಲಿ ಕಟ್ಟಡಗಳ ಮೇಲಂತಸ್ತನ್ನು ಕೆಳಗಿನದಕ್ಕಿಂತ ಕಿರಿದಾಗಿ ಕಟ್ಟಿ, ಇರುವುದಕ್ಕಿಂತ ಎತ್ತರ ಎನ್ನಿಸುತ್ತಾರೆ. ಅರಮನೆಯದು 189 ಅಡಿ. ಕಣ್ಣಿಗೆ ಇನ್ನೂ ಹೆಚ್ಚು. ಆದರೆ ಎಲ್ಲಕ್ಕಿಂತ ದೊಡ್ಡ ಚಮತ್ಕಾರ ಕಾಲಡಿಯಲ್ಲಿದೆ. ಅಲ್ಲಿ ನಾವು ನಡೆದಾಡುವುದು ನೆಲದ ಮೇಲಲ್ಲ, ಎರಡನೆಯ ಅಂತಸ್ತಿನ ಮೇಲೆ. ಕೆಳಗಿನ ಅಂತಸ್ತಿನ ತುಂಬ ಸುರಂಗದಂಥ ಓಣಿಗಳು. ಕೆಲಸದವರು ವೇಷ ಹಾಕಿ, ಊಟ ಮಾಡಿ, ಸಾಮಾನು ಸಾಗಿಸಿ, ಬೇಕಾದಲ್ಲಿ ಮೇಲೆ ಏಳುತ್ತಾರೆ. ಕಸವೂ ಗಾಳಿಯ ಸೆಳೆತಕ್ಕೆ ಕೊಳವೆಗಳಲ್ಲಿ ಹೋಗಿಬಿಡುತ್ತದೆ. ಕ್ಯಾಲಿಫೋರ್ನಿಯಾದ ಪಾರ್ಕಿನಲ್ಲಿ ದನಗಾಹಿಯ ವೇಷದವನೊಬ್ಬ ಭವಿಷ್ಯಲೋಕದ ನಡುವೆ ಹಾದುಹೋದದ್ದನ್ನು ಡಿಸ್ನಿ ಕಂಡು, ಹೀಗಾಗಬಾರದು ಎಂದುಕೊಂಡನಂತೆ. ಅದರ ಫಲ ಈ ಪಾತಾಳ. ಕೆಲಸದವರನ್ನು ಅಲ್ಲಿ 'ಪಾತ್ರಧಾರಿಗಳು' ಎನ್ನುತ್ತಾರೆ, ಬಂದವರನ್ನು 'ಅತಿಥಿಗಳು' ಎನ್ನುತ್ತಾರೆ. ದುಡಿಮೆ ಕಾಣಬಾರದು, ಸಂತೋಷ ಮಾತ್ರ ಕಾಣಬೇಕು: ಇದೇ ಆ ಕೃತಿಯ ಮೂಲಸೂತ್ರ.

ಈ ಸೂತ್ರವನ್ನು ಕಂಡು ವಿದ್ವಾಂಸರು ಬೆರಗಾಗಿದ್ದಾರೆ, ಬೈದಿದ್ದಾರೆ. ಇಟಲಿಯ ಉಂಬರ್ಟೊ ಎಕೊ, ಫ್ರಾನ್ಸಿನ ಬೋದ್ರಿಲಾ ಮೊದಲಾದವರು ಇಲ್ಲಿ ನಿಜ ಯಾವುದು ನಕಲಿ ಯಾವುದು ಎಂದು ಚರ್ಚಿಸಿದ್ದಾರೆ. 1992ರಲ್ಲಿ ಪ್ಯಾರಿಸ್ ಬಳಿ ಡಿಸ್ನಿ ಪಾರ್ಕು ತೆರೆದಾಗ ರಂಗನಿರ್ದೇಶಕಿ ಆರಿಯಾನ್ ಮ್ನೂಷ್ಕಿನ್ ಅದನ್ನು ಸಂಸ್ಕೃತಿಯ ಚೆರ್ನೋಬಿಲ್ ಎಂದು ಕರೆದದ್ದು ಹೆಸರಾಯಿತು. ನನಗಾದರೋ ಅಲ್ಲಿ ಬೆರಗಿಗಿಂತ ಪರಿಚಯವೇ ಹೆಚ್ಚಾಗಿ ಕಂಡಿತು. ಹಬ್ಬದ ದಿನ ಹೋಳಿಗೆ ಎಲೆಗೆ ಬರುತ್ತದೆ. ಬೇಳೆ ಬೇಯಿಸಿ, ಬಸಿದು, ರುಬ್ಬಿ, ಹೂರಣ ಕಟ್ಟಿದ ಕೈ ಪಂಕ್ತಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಕಂಡರೆ ಅದು ಅಡುಗೆಯವಳ ಕೊರತೆ ಎಂದೇ ನಮ್ಮನ್ನು ಬೆಳೆಸಿದ್ದಾರೆ. ಡಿಸ್ನಿ ಕೋಟಿಗಟ್ಟಲೆ ಸುರಿದು ನೆಲದಡಿಯಲ್ಲಿ ಕಟ್ಟಿದ್ದನ್ನು ನಮ್ಮ ಮನೆಗಳು ಒಂದು ಹಿತ್ತಿಲ ಬಾಗಿಲಿನಲ್ಲಿ ಸಾಧಿಸಿಕೊಂಡಿವೆ.

ಒಂದು ವ್ಯತ್ಯಾಸವುಂಟು, ಅದನ್ನು ಮರೆಮಾಚಬಾರದು. ಅಲ್ಲಿ ಹಿತ್ತಿಲಿಗೆ ಹೆಸರಿದೆ, ಸಂಬಳವಿದೆ, ಸಂಘವಿದೆ. 2023ರಲ್ಲಿ ಅಲ್ಲಿಯ ಕಾರ್ಮಿಕ ಸಂಘಗಳು ಪಟ್ಟು ಹಿಡಿದು ಗಂಟೆಗೆ 18 ಡಾಲರಿನ ಕನಿಷ್ಠ ವೇತನಕ್ಕೆ ಕಂಪನಿಯನ್ನು ಒಪ್ಪಿಸಿದವು. ನೋಟ್ ಪುಸ್ತಕದ ಎಂಟು ತಿಂಗಳಿಗೆ ಯಾವ ಸಂಘ?

ಹೆಣ್ಣಿನ ಕೈ ಎದ್ದು ಕಾಣುವ ಜಾಗವೂ ಅಲ್ಲಿ ಒಂದಿದೆ. ದೋಣಿಯಲ್ಲಿ ಕೂತು ಲೋಕದ ಮಕ್ಕಳ ಗೊಂಬೆಗಳನ್ನು ನೋಡುತ್ತ ಹೋಗುವ 'ಇಟ್ಸ್ ಎ ಸ್ಮಾಲ್ ವರ್ಲ್ಡ್'. ಮೊದಲು ಇದನ್ನು ಮಾಡಿದ್ದು 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ, ಯುನಿಸೆಫ್ ಗೌರವಾರ್ಥ. ಬಣ್ಣ, ಆಕಾರಗಳ ಕಲ್ಪನೆ ಮೇರಿ ಬ್ಲೇರ್ ಎಂಬ ಕಲಾವಿದೆಯದು. ಗೊಂಬೆಗಳ ಉಡುಪು ರೂಪಿಸಿದಾಕೆ ಆಲಿಸ್ ಡೇವಿಸ್. ಕಿತ್ತಳೆಯ ಪಕ್ಕದಲ್ಲಿ ಗುಲಾಬಿ, ಅದರ ಪಕ್ಕದಲ್ಲಿ ಎಳೆ ಹಸಿರು. ನಮ್ಮ ಇಳಕಲ್ ಸೀರೆಯ ಅಂಗಡಿ ಹೊಕ್ಕಂತೆ ಮನಸ್ಸು ಅರಳುತ್ತದೆ. ಭಾರತದ ಗೊಂಬೆಗಳೂ ತಾಜ್‌ಮಹಲೂ ಉಂಟು. ಆದರೆ ಎಲ್ಲ ದೇಶದ ಮಕ್ಕಳಿಗೂ ಒಂದೇ ಮುಖ, ಒಂದೇ ಹಾಡು. ಕೊನೆಯ ದೃಶ್ಯದಲ್ಲಿ ಬಟ್ಟೆಯೂ ಎಲ್ಲರಿಗೂ ಬಿಳಿ. ಅಷ್ಟು ಬಣ್ಣ ಹಚ್ಚಿ ಒಗ್ಗಟ್ಟು ಎಂದೊಡನೆ ಅದನ್ನು ಒರೆಸಿಹಾಕಬೇಕಿತ್ತೆ ಎಂದು ದೋಣಿ ಇಳಿದ ಮೇಲೂ ಅನ್ನಿಸುತ್ತಿತ್ತು. ಮೊಮ್ಮಗಳಿಗೆ ಆ ತಂಟೆಯಿಲ್ಲ. ಇನ್ನೊಂದು ಸಲ ಎಂದಳು.

ನಮಗೆ ನೇರವಾಗಿ ಸಂಬಂಧಪಟ್ಟ ಜಾಗ ಅನಿಮಲ್ ಕಿಂಗ್‌ಡಮ್. ಅಲ್ಲಿ 1999ರಲ್ಲಿ ಏಷ್ಯಾದ ಹೆಸರಿನಲ್ಲಿ ಒಂದು ಊರು ಕಟ್ಟಿದರು. ಅದರ ಹೆಸರು ಆನಂದಪುರ! ನಮ್ಮ ಸಾಗರ ತಾಲ್ಲೂಕಿನಲ್ಲಿ ಬಸ್ಸೂ ರೈಲೂ ನಿಲ್ಲುವ ನಿಜವಾದ ಆನಂದಪುರವಿದೆ ಎಂಬುದು ಕಟ್ಟಿದವರಿಗೆ ಗೊತ್ತಿತ್ತೋ ಇಲ್ಲವೋ. ಮಹಾರಾಜನೊಬ್ಬನ ಪಾಳು ಅರಮನೆ, ಬಿರುಕು ಬಿಟ್ಟ ಗಾರೆ, ಮಾಸಿದ ಭಿತ್ತಿಚಿತ್ರ, ನಡುವೆ ಜೀವಂತ ಹುಲಿ. ಹೊಸದಾಗಿ ಕಟ್ಟಿದ ಹಳತು. ಕೆಲಸ ಎಷ್ಟು ಸೊಗಸೆಂದರೆ, ನಮ್ಮವರು ಗೋಡೆ ಮುಟ್ಟಿ ನೋಡಿದರು. ಆದರೆ ಆ ಆನಂದಪುರದಲ್ಲಿ ಅಂಗಳ ಗುಡಿಸಿ ರಂಗೋಲಿ ಹಾಕುವವರು ಯಾರೂ ಇಲ್ಲ. ಆನಂದ ಉಂಟು, ಪುರವೂ ಉಂಟು, ಮನೆಯಿಲ್ಲ.

ಆ ಊರಿಗೆ ಒತ್ತಿಕೊಂಡೇ 2006ರಲ್ಲಿ ಎವರೆಸ್ಟಿನ ರೈಲಾಟ ಕಟ್ಟಿದ್ದಾರೆ. ಅದಕ್ಕೂ 44 ಇಂಚು. ಮಗ, ಮೊಮ್ಮಗ ಹತ್ತಿದರು. ಕುಳ್ಳ ಮಗುವನ್ನು ಕಾದು ಕೂತವರು, ಮೊದಲು ಹೋದವರು ಬಂದಮೇಲೆ, ಮತ್ತೆ ಸಾಲಿನಲ್ಲಿ ನಿಲ್ಲದೆ ಹೋಗಬಹುದು ಎಂಬ ಏರ್ಪಾಟು ಅಲ್ಲಿದೆ. ಕಾಯುವುದೂ ಒಂದು ಕೆಲಸ ಎಂದು ಆ ಪಾರ್ಕು ಒಪ್ಪಿಕೊಂಡ ಒಂದೇ ಜಾಗವಿದು. ನನ್ನ ಪೂರ್ತಿ ಮೆಚ್ಚುಗೆ ಇದಕ್ಕೆ. ಅವರಿಬ್ಬರೂ ಕೂದಲು ಕೆದರಿಕೊಂಡು ನಗುತ್ತ ಬಂದರು. ಸೊಸೆಯ ಸರದಿ. ಅವಳು ಏಳಲಿಲ್ಲ.

"ಬೇಡ ಅತ್ತೆ. ಮೂರೂಕಾಲಿಗೆ ಸಫಾರಿ ಬುಕ್ ಆಗಿದೆ, ತಪ್ಪಿಹೋಗುತ್ತೆ."

"ಆ ಫೋನು ಇಲ್ಲಿ ಕೊಡಮ್ಮ. ಸಫಾರಿ ನಾವು ನೋಡಿಕೊಳ್ಳುತ್ತೇವೆ."

"ನಿಮಗೆ ಗೊತ್ತಾಗಲ್ಲ ಅತ್ತೆ, ಅದರಲ್ಲಿ..."

ಮಾತು ಮುಗಿಯುವ ಮೊದಲೇ ಮಗ ಫೋನು ತೆಗೆದುಕೊಂಡ. ಅವನಿಗೆ ಅದರಲ್ಲಿ ಏನನ್ನು ಎಲ್ಲಿ ಒತ್ತಬೇಕೆಂದು ತಿಳಿಯದೆ ಹತ್ತು ನಿಮಿಷ ಒದ್ದಾಡಿದ. ಎಂಟು ತಿಂಗಳ ಕೆಲಸ ಎಂಥದಿತ್ತು ಎಂದು ಅವನಿಗೆ ತಿಳಿದದ್ದು ಆ ಹತ್ತು ನಿಮಿಷದಲ್ಲಿ ಎಂದು ಕಾಣುತ್ತದೆ. ಆಮೇಲೆ ಅವನು ಗೊಣಗಲಿಲ್ಲ. ಸೊಸೆ ಒಬ್ಬಳೇ ಎವರೆಸ್ಟು ಹತ್ತಿ ಇಳಿದಳು. ಸಫಾರಿಗೆ ಹೊತ್ತು ಮೀರಿತು. ಜಿರಾಫೆ ಕಾಣಲಿಲ್ಲವೆಂದು ಮೊಮ್ಮಗಳು ಸ್ವಲ್ಪ ಅತ್ತಳು, ಐಸ್‌ಕ್ರೀಮಿಗೆ ಸಮಾಧಾನವಾದಳು.

ನನ್ನ ವಿಮರ್ಶೆಯ ಸಾರ ಇಷ್ಟೆ. ಡಿಸ್ನಿ ವರ್ಲ್ಡ್ ಕೆಟ್ಟ ಕೃತಿಯಲ್ಲ. ಬಹಳ ಜಾಣ ಕೃತಿ. ತನ್ನ ದುಡಿಮೆಯನ್ನು ಬಚ್ಚಿಡುವುದರಲ್ಲಿ ಅದಕ್ಕೆ ಸಮನಿಲ್ಲ. ಆದರೆ ಬರಬರುತ್ತ ಅದು ಬಂದವರ ಮನೆಯಲ್ಲೂ ಒಬ್ಬರನ್ನು ಸಂಬಳವಿಲ್ಲದ ಪಾತ್ರಧಾರಿಯನ್ನಾಗಿ ಮಾಡಿಕೊಂಡಿದೆ. ಆ ಒಬ್ಬರು ಅತಿಥಿಯ ಟಿಕೆಟ್ಟನ್ನೇ ಕೊಂಡು, ಹಿತ್ತಿಲಲ್ಲೇ ಉಳಿಯುತ್ತಾರೆ. ನಮ್ಮ ಮನೆಗಳು ಆ ಪಾತ್ರಕ್ಕೆ ಮೊದಲೇ ಆಳನ್ನು ಗೊತ್ತು ಮಾಡಿಟ್ಟಿರುವುದರಿಂದ ಪಾರ್ಕಿಗೆ ಕೆಲಸ ಸುಲಭವಾಯಿತು.

ಹೋಗಬೇಡಿ ಎಂದು ನಾನು ಹೇಳಲಾರೆ. ಮಕ್ಕಳ ಮುಖ ಅಲ್ಲಿ ಅರಳಿದ್ದನ್ನು ಕಂಡಿದ್ದೇನೆ. ಆದರೆ ಹೋಗುವ ಯೋಚನೆಯಿದ್ದರೆ, ಅದು ಆರ್ಲಾಂಡೊ ಇರಲಿ, ಹಾಂಗ್‌ಕಾಂಗ್ ಇರಲಿ, ನೋಟ್ ಪುಸ್ತಕ ಕೊಂಡ ದಿನವೇ ಅದನ್ನು ಊಟದ ಮೇಜಿನ ಮೇಲಿಡಿ. ವೀಸಾದ ಪುಟ ಒಬ್ಬರಿಗೆ, ಟಿಕೆಟ್ಟಿನ ಪುಟ ಒಬ್ಬರಿಗೆ, ಮೂರೂವರೆಯ ಫೋನು ಆಫೀಸಿನಲ್ಲಿ ಕೂತವರಿಗೇ ಇರಲಿ. ಹತ್ತು ತುಂಬಿದವರು ಅಲ್ಲಿ ದೊಡ್ಡವರಾದರೆ ಇಲ್ಲಿಯೂ ಆಗಲಿ. ಎತ್ತರದ ಪಟ್ಟಿ ಹುಡುಗನೇ ಬರೆಯಲಿ. ಐದು ದಿನದ ಟಿಕೆಟ್ಟಿಗೆ ಬದಲು ನಾಲ್ಕು ದಿನದ್ದು ಕೊಂಡು, ಒಂದು ದಿನವನ್ನು ಯಾವ ಬುಕಿಂಗೂ ಇಲ್ಲದೆ ಬಿಡಿ. ಮತ್ತು ಪಟ್ಟಿ ಬರೆಯುವಾಗ, ಮಕ್ಕಳಿಗೆ ಯಾವ ಆಟ, ಮಾವನವರಿಗೆ ಯಾವ ಆಟ ಎಂದು ಬರೆದಾದ ಮೇಲೆ, ನಿಮಗೆ ಯಾವುದು ಬೇಕೆಂದು ಒಂದು ಸಾಲು ಬರೆದುಕೊಳ್ಳಿ. ನಮ್ಮ ಸೊಸೆಯ ಇನ್ನೂರು ಪುಟದಲ್ಲಿ ನಾನು ಹುಡುಕಿ ನೋಡಿದೆ. ಆ ಸಾಲು ಒಂದು ಇರಲಿಲ್ಲ.