ತೆರಣಿಯ ಹುಳುವೂ ಚೀನದ ಶ್ಲೇಷೆಯೂ

ಚೀನದೇಶವೆಂದೊಡನೆ ಸಂಸ್ಕೃತಾಭ್ಯಾಸವುಳ್ಳ ಕನ್ನಡಿಗರಿಗೆ ಮೊದಲು ಸ್ಮರಣೆಗೆ ಬರುವುದು ಚೀನಾಂಶುಕ. ಶಾಕುಂತಲದ ಪ್ರಥಮಾಂಕದ ಕೊನೆಯಲ್ಲಿ ದೇಹವು ಮುಂದಕ್ಕೂ ಮನಸ್ಸು ಹಿಂದಕ್ಕೂ ಸಾಗುವ ದುಷ್ಯಂತನ ಅವಸ್ಥೆಯನ್ನು ಕಾಳಿದಾಸನು ಇದಿರುಗಾಳಿಗೆ ಒಯ್ದ ಧ್ವಜದ ಚೀನಾಂಶುಕಕ್ಕೆ ಹೋಲಿಸಿರುವನಷ್ಟೆ. ಬಸವಪ್ಪಶಾಸ್ತ್ರಿಗಳ (1843–1891) ಅನುವಾದದಿಂದ ಆ ನಾಟಕವು ಸಂಸ್ಕೃತವರಿಯದ ಮನೆಗಳಿಗೂ ಬಂದಿತು. ಆದರೆ ಬಂದುದು ಬಟ್ಟೆಯ ಹೆಸರು ಮಾತ್ರ. ಹುಳುವನ್ನು ಸಾಕಿ ನೂಲು ತೆಗೆದ ಜನರ ಆಚಾರವೂ ನಂಬುಗೆಯೂ ಅದರೊಡನೆ ಬರಲಿಲ್ಲ. ಇದು ಲೋಕಜ್ಞಾನದ ಕೊರತೆ ಮಾತ್ರವಲ್ಲ, ಕಾವ್ಯಾಸ್ವಾದದ ಕೊರತೆಯೂ ಹೌದು.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯು ತೆರಣಿಯ ಹುಳುವನ್ನು ತನ್ನ ಮನಸ್ಸಿಗೆ ಉಪಮಾನವಾಗಿ ತಂದಿರುವಳು. ಹುಳುವು ತನ್ನ ಸ್ನೇಹದಿಂದಲೇ ಮನೆ ಕಟ್ಟಿ, ತನ್ನ ನೂಲಿಗೆ ತಾನೇ ಸಿಕ್ಕಿ ಅಳಿಯುವಂತೆ, ಬಯಕೆಯಲ್ಲಿ ಬೇಯುವ ಮನಸ್ಸನ್ನು ಬಿಡಿಸೆಂದು ಚೆನ್ನಮಲ್ಲಿಕಾರ್ಜುನನಲ್ಲಿ ಮೊರೆಯಿಡುತ್ತಾಳೆ. ಇಲ್ಲಿ 'ಸ್ನೇಹ'ವೆಂದರೆ ಒಲವೂ ಹೌದು, ಅಂಟುವ ಜಿಗುಟೂ ಹೌದು. ಈ ಶ್ಲೇಷೆಯೇ ವಚನದ ಜೀವ.

ಇವಳಿಗಿಂತ ಸುಮಾರು 300 ವರ್ಷ ಹಿಂದೆ, ಟಾಂಗ್ ಅರಸರ ಕಾಲದಲ್ಲಿ, ಲೀ ಶಾಂಗ್‌ಯಿನ್ ಎಂಬ ಕವಿಯು ಅದೇ ಹುಳುವನ್ನು ವಿರಹಕ್ಕೆ ಬಳಸಿದನು. ಚೀನೀಭಾಷೆಯಲ್ಲಿ ರೇಷ್ಮೆಗೂ ಹಂಬಲಕ್ಕೂ ಉಚ್ಚಾರ ಒಂದೇ. ಹುಳು ಸಾಯುವವರೆಗೆ ನೂಲು ಮುಗಿಯದು. ಪ್ರೇಮಿಯ ಹಂಬಲವೂ ಹಾಗೆಯೇ. ಅಕ್ಕನಿಗೆ ಬಂಧನವಾದುದು ಈತನಿಗೆ ನಿಷ್ಠೆಯಾಯಿತು. ವಸ್ತು ಒಂದೇ, ಅಲಂಕಾರ ಒಂದೇ, ಭಾವ ಮಾತ್ರ ವಿರುದ್ಧ.

ಈ ಭೇದಕ್ಕೆ ಕಾರಣವನ್ನು ಚೀನದ ಗೃಹಾಚಾರದಲ್ಲಿ ಹುಡುಕಬೇಕು. ಅಲ್ಲಿ ಹುಳುಸಾಕಣೆಯು ವ್ಯವಸಾಯ ಮಾತ್ರವಲ್ಲ, ವ್ರತವೂ ಆಗಿದ್ದಿತು. ಚಕ್ರವರ್ತಿಯು ನೇಗಿಲು ಹಿಡಿಯುವ ವಿಧಿಯಿದ್ದಂತೆ ಮಹಾರಾಣಿಯು ಹುಳುಗಳಿಗೆ ಸಂಬಂಧಿಸಿದ ವಿಧಿಯನ್ನು ನಡೆಸುತ್ತಿದ್ದಳು. ರೇಷ್ಮೆಯನ್ನು ಕಂಡುಹಿಡಿದವಳು ಪೀತಚಕ್ರವರ್ತಿಯ ಪತ್ನಿ ಲೈಜು ಎಂಬ ಐತಿಹ್ಯವಿದೆ. ಹುಳು ಬೆಳೆಯುವ ತಿಂಗಳಲ್ಲಿ ನೆಂಟರು ಬರುತ್ತಿರಲಿಲ್ಲ. ಗದ್ದಲವೂ ಕಟುವಾಸನೆಯೂ ಅಶುಭವಚನವೂ ನಿಷಿದ್ಧವಾಗಿದ್ದವು. ಇಂತಹ ಆರೈಕೆಗೆ ಪಾತ್ರವಾದ ಜೀವವನ್ನು ಕವಿಯು ಮೂಢವೆಂದು ಕಾಣುವುದು ಹೇಗೆ?

ನಾಲ್ಕನೆಯ ಶತಮಾನದ ಗಾನ್ ಬಾವೊ ಸಂಗ್ರಹಿಸಿದ ಕಥೆಯೊಂದು ಇನ್ನೂ ಗಹನವಾದುದು. ದೂರದಲ್ಲಿದ್ದ ತಂದೆಯನ್ನು ಕರೆತಂದರೆ ಮದುವೆಯಾಗುವೆನೆಂದು ಕನ್ಯೆಯೊಬ್ಬಳು ಕುದುರೆಗೆ ಮಾತು ಕೊಟ್ಟಳು. ಕುದುರೆ ಕರೆತಂದಿತು, ತಂದೆ ಅದನ್ನು ಕೊಂದನು. ಒಣಗಲಿಟ್ಟ ಚರ್ಮವು ಎದ್ದು ಕನ್ಯೆಯನ್ನು ಸುತ್ತಿಕೊಂಡು ಹಾರಿತು. ಮರದ ಮೇಲೆ ಅವಳು ರೇಷ್ಮೆಹುಳುವಾದಳು. ಹಿಪ್ಪುನೇರಳೆಗೆ ಅವರು ಹೇಳುವ 'ಸಾಂಗ್' ಎಂಬ ಹೆಸರೂ ಶೋಕವಾಚಕವಾದ ಶಬ್ದವೂ ಒಂದೇ ದನಿಯವೆಂದು ಆ ಕಥೆಯೇ ಸೂಚಿಸುತ್ತದೆ. ಇಲ್ಲಿ ಸುತ್ತುವ ನೂಲು ಮುರಿದ ಮಾತಿನ ಋಣ.

ಗೂಡಿನಲ್ಲಿ ಹುಳು ತಾನಾಗಿ ಸಾಯುವುದಿಲ್ಲ. ಕೋಶವಾಗಿ, ಚಿಟ್ಟೆಯಾಗಿ, ಗೂಡನ್ನು ತೂತುಮಾಡಿ ಹೊರಬರುತ್ತದೆ. ಎಳೆ ಕಡಿಯಬಾರದೆಂದು ಕೊಲ್ಲುವವನು ಮನುಷ್ಯನೇ, ಆದುದರಿಂದ ಎರಡು ಉಪಮೆಗಳೂ ಸದೋಷವೆಂದು ಆಕ್ಷೇಪಿಸಬಹುದು. ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ನೆನೆದರೆ ಈ ಆಕ್ಷೇಪ ನಿಲ್ಲದು. ಕವಿಗೆ ಬೇಕಾದುದು ಕೀಟಶಾಸ್ತ್ರವಲ್ಲ, ಭಾವಕ್ಕೆ ಒಪ್ಪುವ ರೂಪ. ಆದರೂ ಒಂದು ಮಾತು ಉಳಿಯುತ್ತದೆ: ಬಂಧಕ್ಕೆ ಹುಳುವನ್ನು ಹೊಣೆಮಾಡಿ, ಬಿಸಿನೀರು ಕಾಯಿಸಿದ ಕೈಯನ್ನು ಇಬ್ಬರು ಕವಿಗಳೂ ಮರೆತಿರುವರು.

ಮೈಸೂರು–ಉದಕಮಂಡಲ ಹೆದ್ದಾರಿಯ ಬೇಗೂರಿನಿಂದ ಚಾಮರಾಜನಗರ, ಕೊಳ್ಳೇಗಾಲಗಳವರೆಗಿನ ಸೀಮೆಗೆ ಹುಳುಮನೆಯೂ ಚಂದ್ರಿಕೆಯೂ ಅಪರಿಚಿತವಲ್ಲ. ಹುಳುವು ನಾಲ್ಕು ಬಾರಿ ಸೊಪ್ಪು ಬಿಟ್ಟು ಪೊರೆ ಕಳಚುವುದನ್ನು ಕನ್ನಡ ರೈತನು 'ಜ್ವರ' ಎನ್ನುತ್ತಾನೆ. ಚೀನದವನು 'ನಿದ್ರೆ' ಎನ್ನುತ್ತಾನೆ. ಒಬ್ಬನು ಬೇಗೆಯನ್ನು ಕಂಡನು, ಇನ್ನೊಬ್ಬನು ಶಾಂತಿಯನ್ನು. ಅಕ್ಕನ 'ಬೇಯುವ' ಮನಸ್ಸಿಗೂ ರೈತನ 'ಜ್ವರ'ಕ್ಕೂ ಇರುವ ಸಾಮ್ಯವು ಸಹೃದಯರಿಗೆ ಹೊಳೆಯದಿರದು.

ಇಂದು ಈ ಸೀಮೆಯ ಬೆಳೆಗಾರನಿಗೆ ಚೀನವೆಂದರೆ ಗೂಡಿನ ಬೆಲೆಯನ್ನು ಇಳಿಸುವ ಅಗ್ಗದ ನೂಲು. ಪಂಡಿತನಿಗೆ ಧ್ವಜದ ಬಟ್ಟೆ. ಇಬ್ಬರ ಅರಿವೂ ಅರ್ಧವೇ. ಬಾಗಿಲು ಮುಚ್ಚಿ, ಮೆಲುದನಿಯಲ್ಲಿ ಮಾತಾಡಿ, ಹುಳುವಿನ ನಿದ್ರೆಯನ್ನು ಕಾದ ಆ ದೂರದ ಗೃಹಿಣಿಯನ್ನು ಬಲ್ಲವರು ಅಕ್ಕನ ವಚನವನ್ನೂ ಮತ್ತೊಮ್ಮೆ ಹೊಸದಾಗಿ ಓದಿಯಾರು.