ಪೊವಾಡಕ್ಕೆ ಹೋದರೆ ಝೀಲಕರಿಗಳಿಗೆ ಕಿವಿಗೊಡಿ

ಪುಣೆಯಲ್ಲಿ ಶಿವಜಯಂತಿ ಬಂತೆಂದರೆ ಚೌಕ ಚೌಕದಲ್ಲೂ ಪೊವಾಡ ಎಂಬ ಮರಾಠಿ ವೀರಗೀತೆ. ಅದನ್ನು ಹಾಡುವ ಶಾಹಿರ ದನಿ ಏರಿಸಿದಷ್ಟೂ ಶಿಳ್ಳೆ. ಅಬ್ಬರವನ್ನೇ ಕಲೆಯೆಂದು ತಿಳಿದವರ ಈ ಶಿಳ್ಳೆಯನ್ನು ನಾನು ಸಹಿಸಲಾರೆ. ಪೊವಾಡದ ಜೀವ ಮುಂದೆ ನಿಂತವನ ಗಂಟಲಲ್ಲಿಲ್ಲ, ಹಿಂದೆ ನಿಂತು ‘ಜೀ ಜೀ’ ಎನ್ನುವ ಝೀಲಕರಿಗಳಲ್ಲಿದೆ.

ವಿಜಯಪುರದ ಕಡೆ ಗೀಗೀ ಮೇಳ ಕೇಳಿ ಬೆಳೆದವನು ನಾನು, ಹಿಮ್ಮೇಳ ಹೊಸತಲ್ಲ. ಆದರೂ ಕಿವಿ ತೆರೆದದ್ದು ಇಲ್ಲಿಯ ಒಂದು ವಸ್ತಿಯಲ್ಲಿ, ಅಂಬೇಡ್ಕರ್ ಜಯಂತಿಯ ರಾತ್ರಿ. ನಮ್ಮ ನಳಕ್ಕೇ ಯಾಕೆ ನೀರಿಲ್ಲ ಎಂದು ಕೇಳಿ ಶಾಹಿರ ಸುಮ್ಮನಾದ. ಝೀಲಕರಿಗಳು ಉತ್ತರ ಕೊಡಲಿಲ್ಲ. ಪ್ರಶ್ನೆಯ ಕೊನೆಯ ಪದವನ್ನೇ ಹಿಡಿದು ಎಳೆದರು, ಮತ್ತೆ ಎಳೆದರು. ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದ ಹೆಂಗಸರೂ ದನಿ ಸೇರಿಸಿದ್ದರು. ಒಬ್ಬನ ದೂರು ಇಡೀ ಓಣಿಯದಾಯಿತು. ಡಫ್ಫಿನ ಪೆಟ್ಟು, ತುಣತುಣೆಯ ಮಿಡಿತ ಎಲ್ಲವೂ ಆ ಗಳಿಗೆಗಾಗಿಯೇ ಇರುವುದು.

ಹಿಂದಿನ ದನಿಗಳ ಈ ಬಲ ಪೊವಾಡದ್ದಷ್ಟೇ ಅಲ್ಲ; ನೈಜೀರಿಯಾದ ಫೆಲಾ ಕುಟಿಯ ಆಫ್ರೋಬೀಟ್ ಕೇಳಿ. ಹಳ್ಳಿ ಪೇಟೆಗಳಿಗೆಲ್ಲ ತಿಳಿಯಲೆಂದು ಆತ ಪಿಜಿನ್ ಇಂಗ್ಲಿಷಿನಲ್ಲಿ ಹಾಡಿದ. ಅವನು ಒಂದು ಮಾತು ಬಿಟ್ಟರೆ ಹಿಂದಿನ ಹೆಣ್ಣುದನಿಗಳು ಅದನ್ನು ಎತ್ತಿಕೊಳ್ಳುತ್ತವೆ. 1977ರಲ್ಲಿ ಸೈನಿಕರು ಅವನ ಮನೆ ಸುಟ್ಟರು. ಒಬ್ಬನೇ ಹಾಡಿದರೆ ಯಾವ ಸರ್ಕಾರ ಹೆದರೀತು?

ಪೊವಾಡಕ್ಕೂ ರಾಜಕೀಯ ಹೊಸತಲ್ಲ. ಪುಣೆಯ ಜೋತಿಬಾ ಫುಲೆ 1869ರಲ್ಲೇ ಶಿವಾಜಿಯ ಮೇಲೆ ಪೊವಾಡ ಬರೆದು, ಅವನನ್ನು ರೈತರ ರಾಜನಾಗಿ ಹಾಡಿದರು. ಶಾಹಿರರಾದ ಅಣ್ಣಾಭಾವು ಸಾಠೆ, ಅಮರ್ ಶೇಖ್, ಗವಾಣಕರ್ 1944ರಲ್ಲಿ ಲಾಲ್ ಬಾವಟಾ (ಕೆಂಬಾವುಟ) ಕಲಾಪಥಕ ಎಂಬ ತಂಡ ಕಟ್ಟಿದರು. ಸಾಠೆಯವರ ‘ಮಾಝೀ ಮೈನಾ’ ಹಾಡಿನಲ್ಲಿ ಊರಲ್ಲಿ ಉಳಿದ ಹೆಂಡತಿಯ ನೆನಪು ನೋಡನೋಡುತ್ತ ಮುಂಬೈ ಕಾರ್ಮಿಕನ ರಾಜಕೀಯವಾಗುತ್ತದೆ. ಬೆಳಗಾವಿ, ಕಾರವಾರ ಮಹಾರಾಷ್ಟ್ರಕ್ಕೆ ಸೇರಲಿಲ್ಲವೆಂಬ ಅಳಲೂ ಅದರಲ್ಲಿದೆ. ಕನ್ನಡಿಗನಾಗಿ ಆ ಬೇಡಿಕೆಯನ್ನು ನಾನು ಒಪ್ಪೆ. ಹಾಡಿಗೆ ಮಾತ್ರ ಪ್ರತಿಸಲ ಸೋಲುತ್ತೇನೆ.

ಗುಜರಾತ್ ಗಲಭೆಯ ನಂತರ, 2002ರಲ್ಲಿ, ಇದೇ ಪುಣೆಯಲ್ಲಿ ಕಬೀರ್ ಕಲಾ ಮಂಚ್ ಎಂಬ ತಂಡ ಹುಟ್ಟಿತು. ಅದರ ಕೆಲವು ಹಾಡುಗಾರರು ಜೈಲು ಕಂಡರು. ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ ಚಿತ್ರದಲ್ಲಿ ಆ ತಂಡದ ಶೀತಲ್ ಸಾಠೆ ಹಾಡುವುದನ್ನು ನೋಡಿ, ಆದರೆ ಅವರ ಸುತ್ತ ನಿಂತವರ ಮೇಲೂ ಕಣ್ಣಿಡಿ. ಟಿವಿ ಸ್ಪರ್ಧೆಗಳ ಪೊವಾಡವನ್ನು ಬಿಟ್ಟುಬಿಡಿ; ಅಲ್ಲಿ ಝೀಲಕರಿಗಳು ಬರೀ ಪೇಟ ಸುತ್ತಿದ ಅಲಂಕಾರ.

ಏಪ್ರಿಲ್‌ನಲ್ಲಿ, ಅಂಬೇಡ್ಕರ್ ಜಯಂತಿಗೆ, ಯಾವುದಾದರೂ ವಸ್ತಿಗೆ ಹೋಗಿ, ಲೌಡ್‌ಸ್ಪೀಕರಿನಿಂದ ದೂರ, ಝೀಲಕರಿಗಳ ಮಗ್ಗುಲಲ್ಲಿ ಕೂಡಿ. ಮರಾಠಿ ಅರ್ಧಂಬರ್ಧ ತಿಳಿದರೂ ಸಾಕು. ಅವರ ಹಿಮ್ಮೇಳದ ಝೀಲ್ ಬಂದಾಗ ಚಪ್ಪಾಳೆ ಬೇಡ, ದನಿಗೂಡಿಸಿ.