ವಿಭಾವವಿಲ್ಲದ ಶ್ರಮ: ಹಂಗೇರಿಯ ಕಿರು ಅನಿಮೇಷನ್ ಚಿತ್ರಗಳನ್ನು ಕೋಲಾರದ ಚಿನ್ನದ ಗಣಿಯಿಂದ ಕಂಡಾಗ

ಹಂಗೇರಿಯ ಚಲನಚಿತ್ರವೆಂದೊಡನೆ ನಮ್ಮಲ್ಲಿ ಫಿಲಂ ಸೊಸೈಟಿಗಳ ಪರಿಚಯವುಳ್ಳವರಿಗೆ ಮಿಕ್ಲೋಷ್ ಯಾಂಚೋ, ಇಷ್ಟ್ವಾನ್ ಸಾಬೊ ಮೊದಲಾದವರ ದೀರ್ಘ ಕಥಾಚಿತ್ರಗಳು ನೆನಪಾಗುವುದು ಸಹಜ. ಅದೇ ನಾಡಿನ ರಾಜಧಾನಿಯಾದ ಬುಡಾಪೆಸ್ಟಿನ ಪಾನೋನಿಯಾ ಚಿತ್ರಶಾಲೆಯಿಂದ 1960ರ ದಶಕದಿಂದ 1980ರ ದಶಕದವರೆಗೆ ಅನೇಕ ಕಿರು ಅನಿಮೇಷನ್ ಚಿತ್ರಗಳು ಹೊರಬಂದವು. ಕೆಲವಂತೂ ಎರಡು ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಇವುಗಳ ವಿಷಯದಲ್ಲಿ ಕನ್ನಡ ವಿಮರ್ಶೆ ಬಹುಮಟ್ಟಿಗೆ ಮೌನವನ್ನೇ ತಾಳಿದೆ. ಅನಿಮೇಷನ್ ಎಂದರೆ ಮಕ್ಕಳ ವಿನೋದವೆಂಬ ಭಾವನೆ ಇದಕ್ಕೆ ಒಂದು ಕಾರಣವಾದರೆ, ಚಿತ್ರಗಳು ಸುಲಭವಾಗಿ ದೊರೆಯದಿದ್ದದ್ದು ಮತ್ತೊಂದು. ಈ ಎರಡನೆಯ ಕಾರಣ ಈಗ ಉಳಿದಿಲ್ಲ. ಅಂತರ್ಜಾಲದ ದೆಸೆಯಿಂದ ಇಂದಿನ ವಿದ್ಯಾರ್ಥಿಯು ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಬಲ್ಲನು.

ಈ ಚಿತ್ರಗಳಲ್ಲಿ ಮುಖ್ಯವಾಗಿ ಎರಡನ್ನು, ಪ್ರಾಸಂಗಿಕವಾಗಿ ಮೂರನೆಯದೊಂದನ್ನು, ಕೋಲಾರದ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಸೀಮೆಯ ಪ್ರೇಕ್ಷಕನ ನೆಲೆಯಲ್ಲಿ ನಿಂತು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ವಿಚಿತ್ರವಾದ ಜೋಡಣೆಯೆಂದು ವಾಚಕರಿಗೆ ತೋರೀತು. ಆದರೆ ಆ ಎರಡು ಮುಖ್ಯ ಚಿತ್ರಗಳ ವಸ್ತುವೇ ಕಲ್ಲು, ಮತ್ತು ಕಲ್ಲಿನೊಡನೆ ಹೆಣಗುವ ಮನುಷ್ಯ. ಸುಮಾರು 120 ವರ್ಷಗಳ ಕಾಲ ಕಲ್ಲೊಡೆದು ಬಾಳಿದ ಊರಿಗೆ ಅವುಗಳ ವಿಷಯದಲ್ಲಿ ಹೇಳುವುದು ಏನೂ ಇಲ್ಲದಿರಲಾರದು.

ಮೊದಲನೆಯದು ಮಾರ್ಸೆಲ್ ಯಾಂಕೊವಿಚ್ ಅವರ ‘ಸಿಸಿಫಸ್’. 1974ರಲ್ಲಿ ಸಿದ್ಧವಾದ ಈ ಚಿತ್ರ ಮುಂದೆ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಬಿಳಿಯ ಹಿನ್ನೆಲೆ, ಕಪ್ಪು ಕುಂಚದ ಗೆರೆ. ಬಣ್ಣವಿಲ್ಲ, ಮಾತಿಲ್ಲ, ಸಂಗೀತವಿಲ್ಲ. ಒಬ್ಬ ಮನುಷ್ಯ ಬಂಡೆಯೊಂದನ್ನು ಏರಿನ ಮೇಲಕ್ಕೆ ನೂಕುತ್ತಿದ್ದಾನೆ, ಅಷ್ಟೆ. ಕಿವಿಗೆ ಬೀಳುವುದು ಅವನ ಏದುಸಿರು ಮತ್ತು ನರಳಿಕೆ. ಶ್ರಮವು ಅಲ್ಪವಾಗಿರುವಾಗ ಗೆರೆ ತೆಳ್ಳಗೆ, ಬಹುಮಟ್ಟಿಗೆ ಸುಲಲಿತವಾಗಿ ಹರಿಯುತ್ತದೆ. ಭಾರ ಹೆಚ್ಚಿದಂತೆ ಅದು ದಪ್ಪವಾಗಿ ಒರಟಾಗಿ ತೋಳು ಯಾವುದು, ಬೆನ್ನು ಯಾವುದು, ಬಂಡೆ ಯಾವುದು ಎಂಬ ಭೇದವನ್ನೇ ಅಳಿಸುವ ಮಟ್ಟಿಗೆ ಮುಟ್ಟುತ್ತದೆ. ಕೊನೆಯ ಕ್ಷಣಗಳನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನೋಡುವವರ ಪಾಲಿಗೆ ಉಳಿಯಲಿ.

ಗ್ರೀಕ್ ಪುರಾಣದ ಸಿಸಿಫಸನು ದೇವತೆಗಳನ್ನು ವಂಚಿಸಿ ಶಿಕ್ಷೆಗೊಳಗಾದವನು. ಚಿತ್ರದಲ್ಲಿ ದೇವತೆಯೂ ಇಲ್ಲ, ವಂಚನೆಯೂ ಇಲ್ಲ, ಪಾತಾಳಲೋಕವೂ ಇಲ್ಲ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಇರುವುದೆಲ್ಲ ಅನುಭಾವವೇ. ಬೆವರು, ನಡುಕ, ಸ್ವರಭೇದ ಮೊದಲಾದ ಸಾತ್ತ್ವಿಕ ಭಾವಗಳನ್ನು ಗೆರೆಯ ಏರಿಳಿತದಿಂದಲೇ ತೋರಿಸಿ, ಅವುಗಳಿಗೆ ಕಾರಣವಾದ ವಿಭಾವವನ್ನು ನಿರ್ದೇಶಕರು ಬಿಟ್ಟುಬಿಟ್ಟಿದ್ದಾರೆ. ವಿಭಾವ, ಅನುಭಾವ, ವ್ಯಭಿಚಾರಿಗಳ ಸಂಯೋಗದಿಂದ ರಸನಿಷ್ಪತ್ತಿಯೆಂದು ಭರತಮುನಿ ಹೇಳಿದನು. ಇವುಗಳಲ್ಲಿ ಯಾವುದಾದರೊಂದು ಮಾತ್ರ ವಾಚ್ಯವಾಗಿ ಬಂದಲ್ಲಿ ಉಳಿದವು ಆಕ್ಷೇಪದಿಂದ ಒದಗುತ್ತವೆಂದು ಮಮ್ಮಟನು ಸಮಾಧಾನ ಹೇಳಿದನು. ಆದರೆ ಮಮ್ಮಟನ ಓದುಗನಿಗೆ ಸಂದರ್ಭದ ನೆರವಿತ್ತು. ಕಾವ್ಯಸಂಪ್ರದಾಯವು ನಾಯಿಕೆಯನ್ನೂ ಋತುವನ್ನೂ ತಾನಾಗಿ ಒದಗಿಸುತ್ತಿತ್ತು. ಯಾಂಕೊವಿಚ್ ಅವರ ಪ್ರೇಕ್ಷಕನಿಗೆ ಹೆಸರೊಂದರ ಹೊರತು ಬೇರಾವ ನೆರವೂ ಇಲ್ಲ. ಆದುದರಿಂದ ಅವನು ತನ್ನ ಬದುಕಿನಿಂದಲೇ ವಿಭಾವವನ್ನು ತಂದು ತುಂಬಬೇಕಾಗುತ್ತದೆ.

ಯಾರು ಯಾರು ಏನೇನನ್ನು ತುಂಬಿದರೆಂಬುದೇ ಈ ಚಿತ್ರದ ಚರಿತ್ರೆಯೆನ್ನಬಹುದು. ಪಾಶ್ಚಾತ್ಯ ವಿಮರ್ಶಕರು ಪೂರ್ವ ಯೂರೋಪಿನ ಕೃತಿಯೆಂದ ಕೂಡಲೆ ರಾಜ್ಯಶಕ್ತಿಯ ದಬ್ಬಾಳಿಕೆಯನ್ನು ಕಾಣುವ ಅಭ್ಯಾಸವುಳ್ಳವರು. ಅದಕ್ಕೆ ಆಧಾರವಿಲ್ಲವೆಂದಲ್ಲ, ಯಾಂಕೊವಿಚ್ ಅವರ ಬಾಲ್ಯದಲ್ಲೇ ಅವರ ತಂದೆ ಅಂದಿನ ಸರ್ಕಾರದಿಂದ ಸೆರೆವಾಸಕ್ಕೆ ಗುರಿಯಾಗಿದ್ದರು. ನಮ್ಮ ಕಾಲೇಜುಗಳಲ್ಲಿ ನವ್ಯದ ದಾರಿಯಲ್ಲಿ ಬಂದವರಿಗೆ ಆಲ್ಬರ್ಟ್ ಕಾಮೂ 1942ರಲ್ಲಿ ಪ್ರಕಟಿಸಿದ ಸಿಸಿಫಸನ ಪ್ರಬಂಧ ನೆನಪಾಗಿ, ಬದುಕಿನ ಅಸಂಬದ್ಧತೆಯೇ ಇಲ್ಲಿನ ವಸ್ತುವೆಂದು ತೋರುತ್ತದೆ. ಇವೆರಡಕ್ಕೂ ಸೇರದ ಮೂರನೆಯ ಓದು ಎಲ್ಲಕ್ಕಿಂತ ಬೋಧಪ್ರದವಾದುದು. 2008ರಲ್ಲಿ ಅಮೆರಿಕದ ಮೋಟಾರು ಕಂಪನಿಯೊಂದು ತನ್ನ ಹೈಬ್ರಿಡ್ ವಾಹನದ ಜಾಹೀರಾತಿಗೆ ಇದೇ ಚಿತ್ರವನ್ನು ಬಳಸಿಕೊಂಡು, ಸೂಪರ್ ಬೌಲ್ ಪಂದ್ಯದ ನಡುವೆ ಪ್ರಸಾರ ಮಾಡಿತು! ಖಾಲಿ ಬಿಟ್ಟ ಸ್ಥಳದಲ್ಲಿ ವ್ಯಾಪಾರಿಯೂ ತನ್ನ ಸರಕನ್ನು ತಂದಿಡಬಲ್ಲನು. ವಿಭಾವವನ್ನು ಬಿಡುವುದು ಚಿತ್ರದ ಶಕ್ತಿಯೆಂದು ಹೊಗಳುವವರು ಈ ಸಂಗತಿಯನ್ನೂ ಗಮನಕ್ಕೆ ತಂದುಕೊಳ್ಳುವುದು ಅವಶ್ಯ.

ಇನ್ನು ಚಿನ್ನದ ಗಣಿಯ ಪ್ರೇಕ್ಷಕನು ತುಂಬುವುದೇನು? ಬಂಗಾರಪೇಟೆಯಿಂದ ಮಾರಿಕುಪ್ಪಮಿಗೆ ಹೋಗುವ ಕವಲು ರೈಲುದಾರಿಯಲ್ಲಿ ಪಯಣಿಸಿದವರು ಸೈನೈಡ್ ದಿಬ್ಬಗಳನ್ನು ನೋಡದೆ ಇರಲಾರರು. ಪಾತಾಳದಿಂದ ಮೇಲೆತ್ತಿ, ಪುಡಿಮಾಡಿ, ಚಿನ್ನ ತೆಗೆದು ಉಳಿದ ಮಣ್ಣು ಅದು; 3 ಕೋಟಿ ಟನ್ನಿಗೂ ಹೆಚ್ಚು. ಅದರಿಂದ ದೊರೆತ ಚಿನ್ನ ಸುಮಾರು 800 ಟನ್ನು. ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಕೆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸನ್ನು ದಾಟುತ್ತಿತ್ತು. ಕೇಜಿನಲ್ಲಿ ನಿಂತು ಇಳಿಯುವುದು, ಶಿಫ್ಟು ಮುಗಿದ ಮೇಲೆ ಏರುವುದು, ಮರುದಿನ ಮತ್ತೆ ಇಳಿಯುವುದು: ಇವರಿಗೆ ಸಿಸಿಫಸನ ಕಥೆಯನ್ನು ರೂಪಕವೆಂದು ವಿವರಿಸುವ ಅಗತ್ಯವಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಬಳಿಕವೂ ಏರಿಳಿತ ನಿಲ್ಲಲಿಲ್ಲ, ದಿಕ್ಕು ಮಾತ್ರ ಬದಲಾಯಿತು. ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರ ಸಾಲು ಅಲ್ಲಿಂದ ಇಂದಿಗೂ ಹೊರಡುತ್ತದೆ.

ಆದರೆ ನಮ್ಮ ಮನಸ್ಸನ್ನು ಹೆಚ್ಚು ಕಾಡುವುದು ಕಣ್ಣಿಗೆ ಕಾಣುವ ಈ ಸಾಮ್ಯವಲ್ಲ, ಕಿವಿಗೆ ಬೀಳುವ ಉಸಿರು. ಕಲ್ಲಿನ ಧೂಳು ಶ್ವಾಸಕೋಶವನ್ನು ಹೊಕ್ಕು ಅದನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದಲೇ, 1947ರಲ್ಲಿ. ಇಂಥ ಮನೆಗಳಲ್ಲಿ ಬೆಳೆದವರಿಗೆ ಏದುಸಿರೆಂಬುದು ಅನುಭಾವ ಮಾತ್ರವಲ್ಲ. ಅದರ ಕಾರಣ ಅವರಿಗೆ ಗೊತ್ತು. ಬುಡಾಪೆಸ್ಟಿನ ಪ್ರೇಕ್ಷಕನು ಊಹಿಸಿ ತುಂಬುವುದನ್ನು ಇಲ್ಲಿಯವರು ನೆನೆದು ತುಂಬುತ್ತಾರೆ. ಗಣಿಯ ಕಾಲೊನಿಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಒಟ್ಟಿಗೆ ಬಾಳಿದವು. ಆ ಜೀವನವನ್ನು ಒಂದು ಭಾಷೆಯ ಸಾಹಿತ್ಯದಲ್ಲಿ ಹಿಡಿಯುವುದು ಕಷ್ಟವಾದದ್ದು ಇದರಿಂದಲೂ ಇರಬಹುದು. ಮಾತಿಲ್ಲದ ಚಿತ್ರಕ್ಕೆ ಆ ತೊಡಕಿಲ್ಲ.

ಹೀಗಿದ್ದರೂ ‘ಸಿಸಿಫಸ್’ ಚಿತ್ರವನ್ನು ಯಾಂಕೊವಿಚ್ ಅವರ ಶ್ರೇಷ್ಠ ಕೃತಿಯೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಮೂರು ವರ್ಷಗಳ ಅನಂತರ ಬಂದ ‘ಹೋರಾಡುವವರು’ ಅದಕ್ಕಿಂತ ಮಿಗಿಲಾದುದು. 1977ರ ಕಾನ್ ಉತ್ಸವದಲ್ಲಿ ಕಿರುಚಿತ್ರಗಳ ವಿಭಾಗದ ಪರಮ ಪ್ರಶಸ್ತಿ ಇದಕ್ಕೆ ಸಂದಿತು. ಶಿಲ್ಪಿಯೊಬ್ಬ ಕಲ್ಲನ್ನು ಕೆತ್ತುತ್ತಾನೆ. ಕಲ್ಲಿನಿಂದ ಮೂಡುತ್ತಿರುವ ಮೂರ್ತಿ ಪ್ರತಿಯಾಗಿ ಅವನನ್ನೇ ಕೆತ್ತತೊಡಗುತ್ತದೆ. ಒಂದೊಂದು ಏಟಿಗೂ ಪ್ರತಿಯೇಟು. ಮೂರ್ತಿ ತಾರುಣ್ಯದ ಪೂರ್ಣತೆಗೆ ಬರುವ ಹೊತ್ತಿಗೆ ಶಿಲ್ಪಿ ಜೀರ್ಣನಾಗಿದ್ದಾನೆ. ಇಲ್ಲಿ ವಿಭಾವವನ್ನು ಹೊರಗಿನಿಂದ ತರಬೇಕಾಗಿಲ್ಲ. ಕಲ್ಲೇ ವಿಭಾವ, ಶಿಲ್ಪಿಯ ದೇಹವೇ ಅನುಭಾವ, ಮತ್ತು ಅವೆರಡೂ ಕ್ಷಣಕ್ಷಣಕ್ಕೆ ಸ್ಥಾನ ಬದಲಿಸಿಕೊಳ್ಳುತ್ತವೆ. ಮೋಟಾರು ವಾಹನ ನುಸುಳುವುದಕ್ಕೆ ಇಲ್ಲಿ ಸಂದಿಲ್ಲ.

ಇದನ್ನು ಕಲಾವಿದನ ಆತ್ಮಬಲಿದಾನದ ಕಥೆಯೆಂದು ಓದುವುದು ವಾಡಿಕೆ. ಶಿಲ್ಪಿಯ ಉಳಿಯ ಜಾಗದಲ್ಲಿ ಗಣಿಯ ಡ್ರಿಲ್ಲನ್ನು ಇಟ್ಟು ನೋಡಿದರೆ ಆ ಓದು ಸಣ್ಣದೆನಿಸುತ್ತದೆ. ಕೋಲಾರದ ಗಣಿಗಳಲ್ಲಿ ‘ರಾಕ್ ಬರ್ಸ್ಟ್’ ಎಂಬುದು ಎಲ್ಲರ ಬಾಯಲ್ಲೂ ಇದ್ದ ಮಾತು. ಬಂಡೆಯನ್ನು ತೆಗೆದಷ್ಟೂ ಉಳಿದ ಬಂಡೆಯ ಮೇಲಿನ ಒತ್ತಡ ಏರುತ್ತದೆ. ತಡೆಯಲಾರದೆ ಅದು ಒಮ್ಮೆಲೆ ಸಿಡಿದು ಕೆಲಸಗಾರರ ಮೇಲೆ ಬೀಳುತ್ತದೆ. ಆಳ ಹೆಚ್ಚಿದಂತೆ ಅಪಾಯವೂ ಹೆಚ್ಚು. ಶಿಲೆಯ ವರ್ತನೆಯನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯೊಂದು 1988ರಲ್ಲಿ ಈ ಊರಿನಲ್ಲಿಯೇ ಸ್ಥಾಪಿತವಾದದ್ದು ಆಕಸ್ಮಿಕವಲ್ಲ. ಕೆತ್ತಿದಷ್ಟೂ ಕಲ್ಲು ತಿರುಗಿ ಹೊಡೆಯುತ್ತದೆಂಬುದು ಯಾಂಕೊವಿಚ್ ಅವರಲ್ಲಿ ಕವಿಕಲ್ಪನೆ. ಇಲ್ಲಿ ಅದು ದಿನಚರಿಯಾಗಿತ್ತು. ಭೇದವೊಂದುಂಟು. ಶಿಲ್ಪಿಯ ಪಾಲಿಗೆ ಕೊನೆಗೆ ಸುಂದರವಾದ ಮೂರ್ತಿಯಾದರೂ ಉಳಿಯುತ್ತದೆ, ಅವನ ಎದುರಿಗೇ. ಗಣಿಯವರ ಚಿನ್ನ ಊರು ಬಿಟ್ಟು ಹೋಯಿತು. ಎದುರಿಗೆ ಉಳಿದದ್ದು ದಿಬ್ಬ.

ಫೆರೆಂತ್ಸ್ ರೋಫುಸ್ ಅವರ ‘ನೊಣ’ (1980) ಇವೆಲ್ಲಕ್ಕಿಂತ ಹೆಚ್ಚು ಕೀರ್ತಿ ಪಡೆದದ್ದು. 1981ರಲ್ಲಿ ಆಸ್ಕರ್ ಪ್ರಶಸ್ತಿ ಅದಕ್ಕೆ ಬಂದಾಗ ರೋಫುಸ್ ಅವರಿಗೆ ದೇಶ ಬಿಟ್ಟು ಹೋಗಲು ಅನುಮತಿ ದೊರೆಯದೆ, ಅಧಿಕಾರಿಯೊಬ್ಬರು ವೇದಿಕೆಯೇರಿ ಅದನ್ನು ಸ್ವೀಕರಿಸಿದರು. ಮನೆಯೊಳಕ್ಕೆ ಹೊಕ್ಕು ಬೇಟೆಗೆ ಗುರಿಯಾಗುವ ನೊಣದ ಕಣ್ಣಿನಿಂದಲೇ ಮೂರು ನಿಮಿಷವೂ ನೋಡಿಸುವ ಕೌಶಲ ಅಸಾಧಾರಣವಾದದ್ದು. ಆದರೆ ಅದು ಭಯವನ್ನು ಹುಟ್ಟಿಸುತ್ತದೆಯೇ ಹೊರತು ಭಯಾನಕರಸವಾಗಿ ಪಕ್ವವಾಗುವುದಿಲ್ಲವೆಂದು ನಮಗೆ ತೋರುತ್ತದೆ. ಎರಡನೆಯ ಸಲ ನೋಡುವಾಗ ಕೌಶಲವೇ ಮುಂದಾಗಿ ನಿಲ್ಲುತ್ತದೆ.

ಚಿನ್ನದ ಗಣಿಯ ಹೆಸರನ್ನೇ ಹೊತ್ತು 2018 ಮತ್ತು 2022ರಲ್ಲಿ ಬಂದ ಎರಡು ಕನ್ನಡ ಚಿತ್ರಗಳು ದೇಶವಿದೇಶಗಳಲ್ಲಿ ಜಯಭೇರಿ ಹೊಡೆದದ್ದು ಸರ್ವವಿದಿತ. ಅವುಗಳಲ್ಲಿಯೂ ಕಲ್ಲಿದೆ, ಧೂಳಿದೆ, ದುಡಿಯುವ ಸಾವಿರಾರು ಜನರಿದ್ದಾರೆ. ಆದರೆ ಆ ಜನರ ಶ್ರಮ ನಾಯಕನ ವೀರಕ್ಕೆ ಉದ್ದೀಪನವಾಗಿ ಮಾತ್ರ ಬಂದಿದೆ. ಒಬ್ಬನ ತೋಳಿನ ಭಾರವನ್ನು ಪ್ರೇಕ್ಷಕನ ತೋಳು ಅನುಭವಿಸುವಂತೆ ಕ್ಯಾಮೆರಾ ಅಲ್ಲಿ ಎರಡು ನಿಮಿಷ ತಾಳಿ ನಿಲ್ಲುವುದಿಲ್ಲ. ಜನಪ್ರಿಯ ಚಿತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವೀರರಸಕ್ಕೆ ಅದರದೇ ಹಕ್ಕುಂಟು. ಗಣಿಯವರ ಮೊಮ್ಮಕ್ಕಳು ತಮ್ಮ ಊರಿನ ಹೆಸರನ್ನು ಹೊರಗೆ ಹೇಳಿದಾಗ ಇಂದು ಕೇಳುವವರಿಗೆ ಮೊದಲು ನೆನಪಾಗುವುದು ಆ ನಾಯಕನೇ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಈ ಸೀಮೆಯ ಕಾಲೇಜುಗಳಲ್ಲಿ ಸಾಹಿತ್ಯವಿಮರ್ಶೆಯ ಪಾಠ ಹೇಳುವ ಅಧ್ಯಾಪಕರು ರಸಸೂತ್ರವನ್ನು ವಿವರಿಸುವ ದಿನ ಈ ಎರಡು ಚಿತ್ರಗಳನ್ನೂ ತರಗತಿಯಲ್ಲಿ ತೋರಿಸಬಹುದು. ಎರಡೂ ಸೇರಿ ಐದಾರು ನಿಮಿಷಗಳನ್ನೂ ಬೇಡುವುದಿಲ್ಲ. ‘ಹೋರಾಡುವವರು’ ಮೊದಲು ಬರಲಿ, ‘ಸಿಸಿಫಸ್’ ಅದರ ಹಿಂದೆ. ಪುರಾಣದ ಕಥೆಯನ್ನಾಗಲಿ ಹಂಗೇರಿಯ ರಾಜಕೀಯವನ್ನಾಗಲಿ ಮುಂಚಿತವಾಗಿ ಹೇಳದಿರುವುದು ಲೇಸು. ಆ ಬಂಡೆ ಯಾವುದೆಂದು ವಿದ್ಯಾರ್ಥಿಗಳನ್ನೇ ಕೇಳಿ, ಅವರು ಕೊಡುವ ಉತ್ತರಗಳನ್ನು ಬರೆದಿಟ್ಟುಕೊಂಡ ಬಳಿಕ ಮಮ್ಮಟನ ಆಕ್ಷೇಪದ ಮಾತಿಗೆ ಬರಬಹುದು.